ಆನ್ ಇತ್ತೋ, ಆಫ್ ಇತ್ತೋ

ಪ್ರೋಗ್ರಾಮಿನ ತಪ್ಪು ಹುಡುಕುವ ಡೀಬಗರ್ ಕೊನೆಗೂ ಕೋಡಿನ ಆ ಸಾಲಿಗೆ ಬಂದು ನಿಂತಿತು. ತಗಡು ಒತ್ತುವ ಪ್ರೆಸ್ ಯಂತ್ರ ಕೆಳಗಿಳಿದು ಉದ್ದನಪಲ್ಲಿಯ ಮುನಿರತ್ನನ ಬೆರಳುಗಳು ಹೋದ ಕ್ಷಣ ಅದು. ಯಾರೋ ಎಮರ್ಜೆನ್ಸಿ ಬಟನ್ ಒತ್ತಿದಾಗ ಯಂತ್ರದ ಮೆಮೊರಿ ಹಾಗೇ ನಕಲಾಗಿ ಉಳಿದಿತ್ತು. ಆ ಯಂತ್ರಕ್ಕೆ ರಸ್ಟ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಿದ್ದ ಸುಷ್ಮಾ ಹೊಸೂರಿನ ಕಾರ್ಖಾನೆಯ ಆಫೀಸಿನಲ್ಲಿ ಆ ನಕಲನ್ನೇ ತೆರೆದು ಕೂತಿದ್ದಳು. ಪಕ್ಕದಲ್ಲಿ ಮುನಿರತ್ನ, ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದ. ಕೈ ಅಡ್ಡ ಬಂದರೆ ಪ್ರೆಸ್ಸನ್ನು ನಿಲ್ಲಿಸುವ ಸೆನ್ಸರನ್ನು, ಬೇಗ ಕೆಲಸ ಮುಗಿಸುವ ಆತುರಕ್ಕೆ ಅವನೇ ಆಫ್ ಮಾಡಿದ್ದನೆಂದು ಮ್ಯಾನೇಜರ್ ಹೇಳುತ್ತಿದ್ದರು; ಒಪ್ಪಿಕೊಂಡರೆ ಕೆಲಸದಲ್ಲಿ ಉಳಿಸಿಕೊಳ್ಳುವುದಾಗಿಯೂ ಹೇಳಿದ್ದರು.

“ನಾನು ಮುಟ್ಲೇ ಇಲ್ಲ ಮೇಡಂ, ನಮ್ಮವ್ವನಾಣೆ. ಆನ್ ಇತ್ತು ಅಂತ ಅದ್ರಾಗೆ ಇರ್ತದಲ್ವಾ?”

ಸೆನ್ಸರ್ ಆಗ ಹೇಗಿತ್ತೆಂದು ಸುಷ್ಮಾ ಡೀಬಗರನ್ನು ಕೇಳಿದಳು. ‘ಆಪ್ಟಿಮೈಸ್ಡ್ ಔಟ್’ ಎಂದು ಬಂತು. ಪ್ರೋಗ್ರಾಮ್ ವೇಗವಾಗಿ ಓಡಲೆಂದು, ಅವಳ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಆ ಮಾಹಿತಿಯನ್ನು ಎಲ್ಲೂ ಉಳಿಸಿಯೇ ಇರಲಿಲ್ಲ. ತನಗೆ ಗೊತ್ತಿದ್ದ ದಾರಿಗಳಲ್ಲೆಲ್ಲ ಹುಡುಕಿದಳು. ಮತ್ತೆ ಮತ್ತೆ ಅದೇ ಉತ್ತರ.

“ಏನಂತೆ ಮೇಡಂ?”

“ಗೊತ್ತಾಗಲ್ಲ ಮುನಿರತ್ನಣ್ಣ. ಆನ್ ಇತ್ತೋ, ಆಫ್ ಇತ್ತೋ, ಇನ್ನು ಯಾವತ್ತೂ ಗೊತ್ತಾಗಲ್ಲ.”

ಬಾಗಿಲಲ್ಲಿ ಮ್ಯಾನೇಜರ್ ಬಂದು ನಿಂತದ್ದು ಕಂಡು ಅವನು ಮೆಲ್ಲಗೆ ಎದ್ದ. ಸುಷ್ಮಾ ಬೇಡವೆಂದು ಅವನ ತೋಳು ಹಿಡಿದಳು.

“ನಾನೇ ಆಫ್ ಮಾಡ್ಬುಟ್ಟಿದ್ನೇನೋ ಸಾರ್,” ಎಂದ ಮುನಿರತ್ನ. “ನಂಗೂ ಈಗ ನೆಪ್ಪಾಗ್ತಿಲ್ಲ.”