ಸಡಿಲ ಬೆಲ್ಟಿನ ಸಂಗೀತ

ಸೂಜಿ ಇಟ್ಟ ಕೂಡಲೇ ಗಾಯಕಿ ಓಡತೊಡಗಿದಳು. ಇಪ್ಪತ್ತು ವರ್ಷಗಳಿಂದ ಇದೇ ಕೋಣೆಯಲ್ಲಿ, ಇದೇ ರೆಕಾರ್ಡ್ ಪ್ಲೇಯರಿನಲ್ಲಿ, ಬಾವಿಯ ತಳದಿಂದ ಮಾತಾಡಿದ ಹಾಗೆ ಹಾಡುತ್ತಿದ್ದವಳು ಇವತ್ತು ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ಹಾಡುತ್ತಿದ್ದಳು. ಹಿಂದೆ ಟ್ರಂಪೆಟ್ ಊದುವವನಂತೂ ಯಾವ ದುಃಖವೂ ಇಲ್ಲದವನಂತೆ ಗೆಲುವಾಗಿದ್ದ. ಸಂಗೀತ ವಿಮರ್ಶಕರು ಗಾಬರಿಯಿಂದ ಸೂಜಿ ಎತ್ತಿ, "ಏನ್ ಮಾಡಿದೆ ನನ್ನ ಪ್ಲೇಯರಿಗೆ?" ಎಂದು ಹೆಂಡತಿಯ ತಮ್ಮನನ್ನು ಕೇಳಿದರು.

ಹೊಲಿಗೆ ಯಂತ್ರಗಳ ಅಂಗಡಿ ಇಟ್ಟಿದ್ದ ಭಾವಮೈದುನ ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿದ. "ಏನೂ ಇಲ್ಲ ಭಾವ. ಸಾಯಂಕಾಲ ಜನ ಬರ್ತಾರೆ, ಇದು ಮಧ್ಯೆ ಮಧ್ಯೆ ಮುಗ್ಗರಿಸುತ್ತೆ ಅಂತ ಅಕ್ಕ ಫೋನ್ ಮಾಡಿದ್ಲು. ಬೆಲ್ಟ್ ಸಡಿಲ ಆಗಿ ತಟ್ಟೆ ನಿಧಾನಕ್ಕೆ ತಿರುಗ್ತಿತ್ತು. ಹೊಸದು ಹಾಕ್ದೆ."

"ಯಾವಾಗಿನಿಂದ ನಿಧಾನ?"

"ನೀವು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಾಗಿನಿಂದ ಅದೇ ಬೆಲ್ಟು ಇರಬೇಕು."

ವಿಮರ್ಶಕರು ಕುರ್ಚಿಯಲ್ಲಿ ಕುಸಿದರು. ಅವರ ಹೆಸರು ನಿಂತಿದ್ದೇ ನಿಧಾನದ ಮೇಲೆ. ಹಳೆಯ ಜಾಝ್ ಗಾಯಕರದು 'ಮಂದಗತಿ ಪಂಥ', ಬದುಕಿನಲ್ಲಿ ನೊಂದವರು ಮಾತ್ರ ಅಷ್ಟು ನಿಧಾನವಾಗಿ ಹಾಡಬಲ್ಲರು ಎಂದು ಅವರು ವಾರವಾರವೂ ಪತ್ರಿಕೆಯಲ್ಲಿ ಬರೆದಿದ್ದರು. ರೆಕಾರ್ಡಿನ ಕವರಿನ ಮೇಲೆ ಮೂರು ನಿಮಿಷ ಎಂದು ಅಚ್ಚಾದ ಹಾಡು ತಮ್ಮ ಮನೆಯಲ್ಲಿ ಮೂರೂವರೆ ನಿಮಿಷ ಬರುವುದನ್ನು ಅವರು ಗಮನಿಸದೆ ಇರಲಿಲ್ಲ. ಅದಕ್ಕೆ 'ಮುಗಿಯಲೊಲ್ಲದ ಹಾಡು' ಎಂದು ಒಂದು ಅಧ್ಯಾಯವನ್ನೇ ಬರೆದಿದ್ದರು. ಆ ಅಧ್ಯಾಯವಿರುವ 'ನಿಧಾನದ ನಾದ: ಕೇಳಲೇಬೇಕಾದ ಆಲ್ಬಮ್‌ಗಳು' ಎಂಬ ದಪ್ಪ ಪುಸ್ತಕ ಸೋಫಾದ ಪಕ್ಕದಲ್ಲಿ ಕಟ್ಟುಕಟ್ಟಾಗಿ ಬಿದ್ದಿತ್ತು. ಅದರ ಬಿಡುಗಡೆ ಅಂದು ಸಂಜೆ, ಅದೇ ಕೋಣೆಯಲ್ಲಿ, ಅದೇ ಹಾಡಿನೊಂದಿಗೆ.

"ಒಂದು ತಿದ್ದುಪಡಿ ಚೀಟಿ ಅಂಟಿಸಿಬಿಡಿ ಭಾವ," ಎಂದ ಭಾವಮೈದುನ.

"ಎಲ್ಲಿ ಅಂತ ಅಂಟಿಸ್ಲಿ? ಇಡೀ ಪುಸ್ತಕಾನೇ ಮುಚ್ಚಬೇಕಾಗುತ್ತೆ."

ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಹೆಂಡತಿ ಮೆಲ್ಲಗೆ ಹೇಳಿದಳು: "ಹಾಗಾದ್ರೆ ನಾನು ಹಾಡ್ತಿದ್ದದ್ದು ಸರಿಯಾಗೇ ಇತ್ತು."

ಅವಳ ತವರಿನಲ್ಲೂ ಇದೇ ರೆಕಾರ್ಡ್ ಇತ್ತು. ಅಪ್ಪನ ಜೊತೆ ಕೂತು ಕೇಳಿ ಕೇಳಿ ಅವಳಿಗೆ ಹಾಡು ಬಾಯಿಗೆ ಬಂದಿತ್ತು. ಮದುವೆಯಾದ ಹೊಸದರಲ್ಲಿ ಪಾತ್ರೆ ತೊಳೆಯುತ್ತ ಹಾಡಿದರೆ ಹೊರಗಿನಿಂದ ಗಂಡನ ಧ್ವನಿ ಬರುತ್ತಿತ್ತು: "ಓಡ್ಬೇಡ ಕಣೇ. ಅವಸರದವರಿಗೆ ಸಂಗೀತ ಒಲಿಯಲ್ಲ." ಅವಳಿಗೆ ತುಂಬ ನೋವಾಗಿತ್ತು. ತನ್ನದೇ ತಪ್ಪೆಂದು ನಂಬಿ ಹಾಡುವುದನ್ನೇ ಬಿಟ್ಟಿದ್ದಳು.

ವಿಮರ್ಶಕರು ಅವಳ ಮಾತನ್ನು ಕೇಳಿಸಿಕೊಂಡರೋ ಇಲ್ಲವೋ, "ಹಳೇ ಬೆಲ್ಟ್ ಎಲ್ಲಿ?" ಎಂದರು.

ಅದು ಆಗಲೇ ಹಿಟ್ಟಿನ ಡಬ್ಬದ ಮುಚ್ಚಳ ಜಾರದಂತೆ ಸುತ್ತಿಕೊಂಡು ಉಪಕಾರಕ್ಕೆ ಬಂದಿತ್ತು. ಹೆಂಡತಿ ಅದನ್ನು ಬಿಚ್ಚಿ ತಂದಳು, ಆದರೆ ಕೈಗೆ ಕೊಡಲಿಲ್ಲ. "ಕೊಡ್ತೀನಿ ರೀ. ಆದ್ರೆ ಇವತ್ತು ಒಳಗೆ ನಾನೂ ಹಾಡ್ತೀನಿ. ಓಡ್ಬೇಡ ಅನ್ನೋ ಹಾಗಿಲ್ಲ."

"ಜನರ ಎದುರಿಗೇನೆ?"

"ಜನ ಹೊರಗಿರ್ತಾರೆ. ನಾನು ಒಳಗಿರ್ತೀನಿ."

ಮಾನ ಹೋಗುವ ಹೊತ್ತಿನಲ್ಲಿ ಮನುಷ್ಯ ಎಂಥ ಕರಾರಿಗೂ ಒಪ್ಪುತ್ತಾನೆ. ವಿಮರ್ಶಕರೂ ತಲೆಯಾಡಿಸಿದರು. ಭಾವಮೈದುನ ಹೊಸ ಬೆಲ್ಟ್ ಕಳಚಿ ಹಳೆಯದನ್ನು ಹಾಕಿದ. ಹಿಟ್ಟು ಮೆತ್ತಿದ್ದರಿಂದ ತಟ್ಟೆ ಮೊದಲಿಗಿಂತ ಇನ್ನಷ್ಟು ನಿಧಾನವಾಗಿ ತಿರುಗಿತು.

ಸಂಜೆ ರೆಕಾರ್ಡ್ ಪ್ರೇಮಿಗಳ ಸಂಘದವರು ಬಂದು ಕಣ್ಣು ಮುಚ್ಚಿ ಕೂತರು. ಗಾಯಕಿ ಬಾವಿಯ ತಳದಿಂದ ಒಂದೊಂದೇ ಪದವನ್ನು ಮೇಲೆತ್ತಿದಳು. "ಆಹಾ, ಏನು ನಿಧಾನ," ಎಂದರು ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು. "ನಿಜ ಹೇಳ್ತೀನಿ ಸರ್, ನಮ್ಮನೆ ಪ್ಲೇಯರಿನಲ್ಲಿ ಈ ಹಾಡು ಓಡ್ತಿತ್ತು. ನಿಮ್ಮ ಲೇಖನ ಓದಿದ ಮೇಲೆ ನಾಚಿಕೆಯಾಗಿ, ರಿಪೇರಿಗೆ ಕೊಟ್ಟು ನಿಧಾನ ಮಾಡಿಸಿದೆ." ಉಳಿದವರೂ ಹೌದೌದು, ನಾವೂ ಮಾಡಿಸಿದೆವು ಎಂದರು. ಮೂಲೆಯಲ್ಲಿದ್ದ ಭಾವಮೈದುನನಿಗೆ ಕೆಮ್ಮು ಬಂತು.

ಅಷ್ಟರಲ್ಲಿ ಅಡುಗೆಮನೆಯಿಂದ ಅದೇ ಹಾಡು ಕೇಳಿಬಂತು. ಮೊದಲು ಅಳುಕಿನಿಂದ, ಆಮೇಲೆ ತೆರೆದ ಗಂಟಲಿನಿಂದ ಬಂದು, ರೆಕಾರ್ಡಿನ ಗಾಯಕಿಯನ್ನು ಹಿಂದೆ ಹಾಕಿ ಮುಂದೆ ಹೊರಟಿತು.

"ಒಳಗೆ ಯಾರೋ ತುಂಬ ಅವಸರದಲ್ಲಿದ್ದಾರೆ," ಎಂದು ಡಾಕ್ಟರು ನಕ್ಕರು. "ನೀವು ಸ್ವಲ್ಪ ತಿದ್ದಬಾರದೆ ಸರ್?"

ಎಲ್ಲರೂ ವಿಮರ್ಶಕರ ಕಡೆ ತಿರುಗಿದರು. ಅಭ್ಯಾಸಬಲದಿಂದ ಅವರ ಬಾಯಿ ತೆರೆಯಿತು. ಭಾವಮೈದುನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಪ್ಲೇಯರನ್ನೇ ನೋಡುತ್ತ ಕೂತ. "ಶ್, ಹಾಡು ಕೇಳಿ," ಎಂದರು ವಿಮರ್ಶಕರು. ಯಾವ ಹಾಡು ಎಂದು ಹೇಳಲಿಲ್ಲ.

ಹೆಂಡತಿ ಹಾಡು ಮುಗಿಸಿ, ಚಹಾ ಸೋಸಿ, ತಟ್ಟೆ ಹಿಡಿದು ಹೊರಗೆ ಬಂದಳು. ರೆಕಾರ್ಡಿನವಳು ಇನ್ನೂ ಕೊನೆಯ ಚರಣದಲ್ಲಿ ತೆವಳುತ್ತಿದ್ದಳು.

"ಬಿಸಿ ಇದೆ, ನಿಧಾನಕ್ಕೆ ಕುಡೀರಿ," ಎಂದಳು. "ಅವಳದಿನ್ನೂ ಮುಗಿದಿಲ್ಲ."