ಸತ್ತ ಟಗರು

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದವಳೇ ವಿಜ್ಞಾನಿ ಶಾಂಭವಿ ಫೋನು ಕೈಗೆತ್ತಿಕೊಂಡಳು. ಕುರಿಗಾರ ಮಾಳಪ್ಪನ ಟಗರು ಬೆಳಿಗ್ಗೆ ಇದ್ದಕ್ಕಿದ್ದಂತೆ ಸತ್ತಿತ್ತು. ಅದರ ಕಿವಿಯಿಂದ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದ್ದ ರಕ್ತದ ತುಂಬ ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ, ಜೀವಾಣುಗಳಿದ್ದವು. ಅಂಥ ಕುರಿಯನ್ನು ಕೊಯ್ದವರೂ ತಿಂದವರೂ ಸಾಯಬಹುದು. ಮಾಳಪ್ಪನ ಫೋನು ಸ್ವಿಚ್ ಆಫ್ ಆಗಿತ್ತು. ಅವಳು ಜೀಪು ಹತ್ತಿ ಹೊರಟಳು.

ಮಾಳಪ್ಪ ಮನೆಯ ಮುಂದೆಯೇ ನಿಂತಿದ್ದ. ಜೀಪು ನಿಲ್ಲುವ ಮೊದಲೇ ಅವಳು ಕೂಗಿ ಕೇಳಿದಳು.

“ಅಣ್ಣಾ, ಆ ಟಗರನ್ನ ಎಲ್ಲಾದ್ರೂ ಎಸೆದುಬಿಟ್ರಾ?”

“ಇಲ್ರೀ ಅಕ್ಕಾರ. ಎಸದ್ರ ನಾಯಿ ಎಳದಾಡ್ತಾವಲ್ರೀ.”

“ಮತ್ತೆ, ಹೂಳಿದ್ರಾ?”

“ಇಲ್ರೀ, ಸುಟ್ವಿ.”

“ಪೂರ್ತಿ?”

“ಪೂರ್ತಿ ಸುಟ್ವಿರೀ.”

ಶಾಂಭವಿಗೆ ಹೋದ ಜೀವ ಬಂದಂತಾಯಿತು. ಜೀಪಿನಿಂದ ಕೆಳಗಿಳಿದಳು. ಕಣ್ಣಲ್ಲಿ ನೀರು ತುಂಬಿತ್ತು.

“ದೊಡ್ಡ ಗಂಡಾಂತರ ತಪ್ಪಿತು ಅಣ್ಣಾ. ಸುಟ್ಟ ಜಾಗ ತೋರಿಸಿ, ಸುಣ್ಣ ಹಾಕಿಸ್ತೀನಿ.”

“ಒಲಿಗೆ ಯಾಕ್ರೀ ಸುಣ್ಣ?” ಮಾಳಪ್ಪ ನಕ್ಕ. “ಒಳಗ ಬರ್ರಿ, ಹುಡುಗ್ರು ಉಣ್ಣಾಕತ್ತಾವು. ನಿಮಗೂ ಒಂದು ತುಂಡು ಹಾಕ್ತಾರ.”