ಎಡಗೈಯ ತಾಯಿ

ಮೂರನೆಯ ಸ್ಲೈಡ್ ಮುಗಿಯುವಷ್ಟರಲ್ಲಿ ಗೋಡೆಗೊರಗಿದ್ದ ಕನ್ನಮ್ಮ ನಿದ್ದೆ ಹೋಗಿದ್ದಳು. ಕರುವಿಗೆ ಹುಲ್ಲು ಹಾಕಿ ಬರುತ್ತೇವೆಂದು ಎದ್ದು ಹೋದ ಇಬ್ಬರು ಹೆಂಗಸರು ಹಿಂದಿರುಗಿರಲಿಲ್ಲ. ಶರಾವತಿ ಮಾತ್ರ ಓದುತ್ತಲೇ ಇದ್ದಳು. ಕುಡಿಯುವ ನೀರು ಕೆಡಲು ಕಾರಣ ಏಳು, ಪರಿಹಾರ ಒಂಬತ್ತು. ಅವನ್ನೆಲ್ಲ ಅವಳೇ ಗಾಜಿನ ಮೇಲೆ ಕಪ್ಪು ಶಾಯಿಯಲ್ಲಿ ಮುದ್ದಾಗಿ ಬರೆದು ತಂದಿದ್ದಳು. ಆ ಕೋಣೆಯಲ್ಲಿ ಓದು ಬಲ್ಲವರು ಇಬ್ಬರೇ: ಅವಳು, ಮತ್ತು ಇದ್ದೊಂದು ಕುರ್ಚಿಯಲ್ಲಿ ಕೂತಿದ್ದ ಅಧಿಕಾರಿ ಸುಬ್ಬರಾಯರು.

ಸುಬ್ಬರಾಯರು ಸಾಗರದಿಂದ ಬಂದದ್ದು ಅವಳ ಕೆಲಸ ನೋಡುವುದಕ್ಕೇ. ಗ್ರಾಮಸೇವಿಕೆಯಾಗಿ ಅವಳಿಗೆ ಹನ್ನೊಂದು ತಿಂಗಳು ತುಂಬಿತ್ತು. ಕೆಲಸ ಕಾಯಂ ಆಗುವುದೋ ಪೆಟ್ಟಿಗೆ ಕಟ್ಟಿ ಮನೆಗೆ ಹೋಗುವುದೋ ಎಂಬುದು ಅವರು ಇವತ್ತು ಬರೆಯುವ ಅರ್ಧ ಪುಟದ ಮೇಲಿತ್ತು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದವರ ಹೊಸ ಕೇರಿ ಅದು. ಶಾಲೆಯ ಗೋಡೆಗೆ ಸುಣ್ಣ ಬಳಿದು ತಿಂಗಳೂ ಆಗಿರಲಿಲ್ಲವಾದ್ದರಿಂದ ಬೇರೆ ಪರದೆ ಬೇಕಾಗಲಿಲ್ಲ. ಕಿಟಕಿಗಳಿಗೆ ಕಂಬಳಿ ಕಟ್ಟಿ ಮಧ್ಯಾಹ್ನವನ್ನು ಕತ್ತಲೆ ಮಾಡಿ, ಜೀಪಿನ ಬ್ಯಾಟರಿಯಿಂದ ತಂತಿ ಎಳೆದು ಯಂತ್ರ ಹೊತ್ತಿಸಿದ್ದರು. ಅದರ ಪಕ್ಕದಿಂದ ಸೋರುತ್ತಿದ್ದ ಬೆಳಕಿನಲ್ಲಿ ಸುಬ್ಬರಾಯರ ಪೆನ್ನು ಏನೋ ಬರೆದು ನಿಂತಿತು. ಏನೆಂದು ಅವಳಿಗೆ ಕಾಣಲಿಲ್ಲ. ಒಳ್ಳೆಯದನ್ನು ಅಷ್ಟು ಬೇಗ ಬರೆದು ಮುಗಿಸಲಾಗುವುದಿಲ್ಲ ಎಂದು ಮಾತ್ರ ಅನಿಸಿತು.

ನಾಲ್ಕನೆಯ ಸ್ಲೈಡ್ ಹಾಕಿದಳು. ತಾಯಿಯೊಬ್ಬಳು ಮಗುವಿಗೆ ಲೋಟದಲ್ಲಿ ನೀರು ಕೊಡುತ್ತಿರುವ ಚಿತ್ರ. ಮೊದಲು ಒಬ್ಬರು ಕಿಸಕ್ಕೆಂದರು, ಆಮೇಲೆ ಇಡೀ ಕೋಣೆ ನಕ್ಕಿತು. ಕನ್ನಮ್ಮ ಬೆಚ್ಚಿ ಎದ್ದು ಕೂತಳು. ಕೇರಿಯ ಬಾಣಂತಿಯರಿಗೆಲ್ಲ ಮೀಯಿಸುವ ಗುತ್ಯಮ್ಮ ಗೋಡೆಯತ್ತ ಕೈ ತೋರಿಸಿ, "ಎಡಗೈಯಲ್ಲಿ ನೀರು ಕೊಡ್ತಾಳಲ್ಲ ಮಾರಾಯ್ತಿ. ಆ ಮನೇಲಿ ಅತ್ತೆ ಅಂಬೋಳು ಇಲ್ವಾ?" ಎಂದಳು.

ಶರಾವತಿ ಗೋಡೆಯತ್ತ ತಿರುಗಿ ನೋಡಿದಳು. ಸ್ಲೈಡ್ ಹಿಂದುಮುಂದಾಗಿತ್ತು. ಎಲ್ಲಿಯಾದರೂ ಧೂಳು ಕಂಡು ಮಾನ ಹೋದೀತೆಂದು ನಿನ್ನೆ ಸಂಜೆ ಹನ್ನೆರಡನ್ನೂ ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ತುಂಬಿದ್ದಳು. ಅಕ್ಷರವಿದ್ದ ಮೂರನ್ನು ಸರಿಯಾಗಿಯೇ ಇಟ್ಟಿದ್ದಳು. ಚಿತ್ರಕ್ಕೂ ಎಡಬಲ ಇರುತ್ತದೆಂಬುದು ಆಗ ಹೊಳೆದಿರಲಿಲ್ಲ. ಇನ್ನುಳಿದ ಎಂಟರಲ್ಲಿ ಎಷ್ಟು ಹೀಗಾಗಿವೆಯೋ. ಅವಳು ಸ್ಲೈಡ್ ತೆಗೆದು ತಿರುವಿ ಹಾಕಿದಳು. ತಾಯಿಯ ಕೈ ಬಲಗೈಯಾಯಿತು. "ಹಾಂ, ಈಗ ಮನುಷ್ಯರ ಹಾಗೆ ಕಂಡ್ಳು" ಎಂದಳು ಗುತ್ಯಮ್ಮ.

ಚಿತ್ರಗಳಿಗೆಂದು ಬರೆದು ಬಾಯಿಪಾಠ ಮಾಡಿ ತಂದಿದ್ದ ನಾಲ್ಕು ಹಾಳೆಗಳ ಭಾಷಣವನ್ನು ಅವಳು ಬದಿಗಿಟ್ಟಳು. ಕುರ್ಚಿಯ ಕಡೆ ನೋಡದೆ ಶರಾವತಿ ಇದ್ದದ್ದನ್ನೇ ಹೇಳಿಬಿಟ್ಟಳು. "ಮುಂದಿನವು ಸರಿ ಇವೆಯೋ ತಿರುವಾಗಿವೆಯೋ ನನಗೂ ಗೊತ್ತಿಲ್ಲ. ನೀವೇ ನೋಡಿ ಹೇಳಿ."

ಹೆಂಗಸರು ಮಂಡಿ ಮಡಿಸಿ ಮುಂದಕ್ಕೆ ಸರಿದರು. ಕರುವಿಗೆ ಹುಲ್ಲು ಹಾಕಲು ಹೋಗಿದ್ದವರೂ ನಗು ಕೇಳಿ ಓಡಿ ಬಂದರು. ಐದನೆಯ ಚಿತ್ರದಲ್ಲಿ ಹೆಂಗಸೊಬ್ಬಳು ಮಡಕೆಯಿಂದ ಲೋಟದಲ್ಲಿ ನೀರು ಮೊಗೆಯುತ್ತಿದ್ದಳು. ಎಲ್ಲರೂ ಅದನ್ನು ಸೊಪ್ಪಿನೊಳಗೆ ಹುಳ ಹುಡುಕುವಂತೆ ನೋಡಿದರು.

"ಕೈ ಬಲಗೈಯೇ" ಎಂದಳು ಕನ್ನಮ್ಮ.

"ಬಲಗೈ ಸೈ" ಎಂದಳು ಗುತ್ಯಮ್ಮ. "ಬೆರಳು ನೋಡೇ. ನಾಲ್ಕೂ ಬೆರಳು ನೀರೊಳಗೆ ಅದ್ದಿದಾಳೆ. ಆ ಕೈಯಲ್ಲಿ ಈಗಷ್ಟೇ ಎಂತ ಬಳಿದು ಬಂದಾಳೋ."

ಅದು ಶರಾವತಿ ಬರೆದಿದ್ದ ಏಳು ಕಾರಣಗಳಲ್ಲಿ ನಾಲ್ಕನೆಯದು. ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಅಷ್ಟರಲ್ಲಿ ಒಬ್ಬಳು ತಮ್ಮ ಮನೆಯಲ್ಲೂ ಹಾಗೇ ಮೊಗೆಯುವುದೆಂದು ಒಪ್ಪಿಕೊಂಡಿದ್ದಳು. ಇನ್ನೊಬ್ಬಳು ತೆಂಗಿನ ಚಿಪ್ಪಿಗೆ ಉದ್ದ ಹಿಡಿ ಹಾಕಿಸಿದರೆ ಆಯಿತಲ್ಲ ಎಂದಳು. ಹಿಡಿಗೆ ಬಿದಿರೋ ಅಡಿಕೆ ದಬ್ಬೆಯೋ ಎಂಬುದರ ಮೇಲೆ ವಾದವೇ ನಡೆಯಿತು. ಮುಂದಿನ ಚಿತ್ರದಲ್ಲಿ ಮುಚ್ಚಳವಿಲ್ಲದ ಕೊಡ, ಅದರಾಚೆಯದರಲ್ಲಿ ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯುವವಳು. ಒಂದೊಂದರಲ್ಲೂ ತಪ್ಪು ಹಿಡಿಯಲು ಪೈಪೋಟಿ. ನಿಜಕ್ಕೂ ತಿರುವಾಗಿದ್ದದ್ದು ಇನ್ನೊಂದೇ. ಅದನ್ನು ಹಿಡಿದವಳು ಕನ್ನಮ್ಮ.

ಕಂಬಳಿಗಳನ್ನು ಇಳಿಸಿದಾಗ ಶರಾವತಿಯ ನಾಲ್ಕು ಹಾಳೆಗಳು ಮಡಿಕೆ ಬಿಚ್ಚದೆ ಹಾಗೇ ಇದ್ದವು. ಸುಬ್ಬರಾಯರು ಮೊದಲು ಬರೆದಿದ್ದ ಸಾಲಿನ ಮೇಲೆ ಗೀಟು ಎಳೆದರು. ಗುರುವಾರ ತಾಳಗುಪ್ಪದ ಕಡೆ ಇದನ್ನೇ ತೋರಿಸಬೇಕು, ಆ ಮೊದಲ ಮೂರು ಸ್ಲೈಡನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ ಎಂದರು. ಎಡಗೈಯ ತಾಯಿ ಎಡಗೈಯಲ್ಲೇ ಇರಲಿ ಎಂದೂ ಸೇರಿಸಿದರು. ಮತ್ತೆ ಬರೆಯತೊಡಗಿದರು. ಈ ಸಲ ಪೆನ್ನು ಬೇಗ ನಿಲ್ಲಲಿಲ್ಲ. 'ಕೆಲಸದಲ್ಲಿ ಕಾಯಂ' ಎಂಬಷ್ಟನ್ನು ಅವಳು ತಲೆಕೆಳಗಾಗಿಯೇ ಓದಿಕೊಂಡಳು. ಮುಂದೆ 'ಮಾಡಬಹುದು' ಎಂದು ಬರಬೇಕು. 'ಮಾಡಲಾಗದು' ಎಂದೂ ಬರಬಹುದು.

ಅಷ್ಟರಲ್ಲಿ ಅವರು ಪೆನ್ನು ತಡೆದು ಕುಡಿಯಲು ನೀರು ಕೇಳಿದರು. ಗುತ್ಯಮ್ಮ ಮೂಲೆಯಲ್ಲಿದ್ದ ಶಾಲೆಯ ಮಡಕೆಯನ್ನು ಬಗ್ಗಿಸಿ, ಬೆರಳು ತಾಗದಂತೆ ಲೋಟ ತುಂಬಿ ತಂದಳು. ಸುಬ್ಬರಾಯರು ಮತ್ತೆ ಪೆನ್ನು ಊರಿ, ತಲೆ ಎತ್ತದೆಯೇ ಎಡಗೈ ಚಾಚಿದರು. ಗುತ್ಯಮ್ಮ ಲೋಟ ಬಿಡದೆ ಶರಾವತಿಯತ್ತ ತಿರುಗಿದಳು.

"ಅಮ್ಮಾರೇ, ಈ ಸಾಹೇಬ್ರನ್ನೂ ಒಂಚೂರು ತೆಗ್ದು ತಿರುವಿ ಹಾಕ್ರಲ್ಲ."

ಪೆನ್ನು ನಿಂತಿತು. ಸುಬ್ಬರಾಯರು ತಮ್ಮ ಎಡಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಮತ್ತೆ ಬಗ್ಗಿ, ಉಳಿದಿದ್ದ ಒಂದು ಪದ ಬರೆದು ಮುಗಿಸಿ ಪೆನ್ನನ್ನು ಎಡಗೈಗೆ ದಾಟಿಸಿದರು. 'ಮಾಡಬಹುದು.' ಆಮೇಲೆ ಬಲಗೈಯಲ್ಲಿ ಲೋಟ ಹಿಡಿದು ಎತ್ತಿ ಕುಡಿದರು. ಕುಡಿದು ಮುಗಿಯುವ ತನಕ ಮೂವತ್ತು ಮಂದಿ ಹೆಂಗಸರು ಅವರ ಬೆರಳುಗಳನ್ನೇ ನೋಡುತ್ತಿದ್ದರು.